ಮತ್ತಿ ಚಕ್ಕೆಯ ಬಣ್ಣದ ಪರದೆ

ಕಳೆದ ತಿಂಗಳು ಕುಮಟಾದ ನಮ್ಮ ಮನೆಯ ಹಾಲಿಗೆ ಹೊಸ ಪರದೆ ಹಾಕಿಸಿದೆವು. ಅಂಗಡಿಯವರು ಬಟ್ಟೆಯ ತುಣುಕುಗಳನ್ನು ಪುಸ್ತಕದ ಹಾಗೆ ಹೊಲಿದಿಟ್ಟ ನಾಲ್ಕು ದಪ್ಪ ಕಟ್ಟುಗಳನ್ನು ಟೀಪಾಯಿಯ ಮೇಲೆ ಹರಡಿ, ಪರದೆಗೆ ಇದು, ಸೋಫಾಕ್ಕೆ ಅದರ ಜೋಡಿ ಇದು, ದಿಂಬಿಗೆ ಎರಡನ್ನೂ ಹೊಂದಿಸುವ ಈ ಮೂರನೆಯದು ಎಂದು ಒಂದು ತಾಸು ಪಾಠ ಮಾಡಿದರು. ತಾಲೂಕು ಕಚೇರಿಯಲ್ಲಿ ಕಡತ ತಿರುವುತ್ತಲೇ ನಿವೃತ್ತಳಾದ ನಾನು ಅಷ್ಟು ಶ್ರದ್ಧೆಯಿಂದ ಯಾವ ಸಾಹೇಬರ ಮಾತನ್ನೂ ಕೇಳಿದವಳಲ್ಲ. ಕೊನೆಗೆ ನಾನು ಬೆರಳಿಟ್ಟದ್ದು ಒಂದು ಕಂದುಗೆಂಪಿನ ಮೇಲೆ. ನನ್ನ ಗಂಡ ಕನ್ನಡಕ ಏರಿಸಿ ನೋಡಿ, ‘ಇಷ್ಟೆಲ್ಲ ಬಣ್ಣ ಇದ್ದೂ ಇದೇ ಬೇಕಾ? ಹಳೇ ಬಲೆ ಇದ್ದ ಹಾಗಿದೆ’ ಅಂದರು. ಅವರು ಹೇಳಿದ್ದು ತಮಾಷೆಗೆ. ನನಗೆ ಮಾತ್ರ ನನ್ನ ತವರೂರು ಬೆಳಕೆಯ ಮನೆಯ ಜಗಲಿ ಕಣ್ಣಿಗೆ ಕಟ್ಟಿತು. ಚಾ ತರುವ ನೆಪ ಮಾಡಿ ಎದ್ದು ಒಳಗೆ ಹೋದೆ.

ಬೆಳಕೆಯಲ್ಲಿ ನಮ್ಮದು ಕಡಲಿಗೆ ಮುಖ ಮಾಡಿದ ಹಂಚಿನ ಮನೆ. ಮುಂದಿನ ಕೋಣೆಯನ್ನು ಜಗಲಿ ಎನ್ನುತ್ತಿದ್ದೆವು. ಹೆಸರಿಗೆ ಅದು ಬಂದವರು ಕೂರುವ ಜಾಗ, ನಿಜದಲ್ಲಿ ಬಲೆಗಳ ಬಿಡಾರ. ಒಂದು ಮೂಲೆಯಲ್ಲಿ ಬಲೆಯ ರಾಶಿ ಕಿಟಕಿಯ ಎತ್ತರಕ್ಕೆ ಬೆಳೆದಿರುತ್ತಿತ್ತು, ಜಂತಿಯಿಂದ ಹಗ್ಗದ ಸುರುಳಿಗಳು ತೂಗುತ್ತಿದ್ದವು, ಗೋಡೆಗೆ ದೋಣಿಯ ಹುಟ್ಟು ಒರಗಿರುತ್ತಿತ್ತು. ಉಳಿದ ಜಾಗದಲ್ಲಿ ಒಂದು ಬೆಂಚು, ಎರಡು ಮರದ ಖುರ್ಚಿ, ಮತ್ತು ಅಪ್ಪನ ತಾಯಿ, ನನ್ನ ಅಜ್ಜಿಯ ಚಾಪೆ. ಅಪ್ಪ ದೋಣಿಯ ತಾಂಡೇಲ. ದೋಣಿಯ ಮೇಲೆ ಅವನ ಮಾತೇ ಕಡೆಯ ಮಾತು; ಮನೆಯಲ್ಲಿ ಹಾಗೇನೂ ಇರಲಿಲ್ಲ. ದೋಣಿ ಹೋಗದ ದಿನ ಅವನು ಕಾಲಿನ ಹೆಬ್ಬೆರಳಿಗೆ ಬಲೆಯ ತುದಿ ಸಿಕ್ಕಿಸಿಕೊಂಡು ಹರಿದ ಕಣ್ಣುಗಳನ್ನು ಹೆಣೆಯುತ್ತ ಕೂತರೆ, ನಾನು ಬಲೆಯ ರಾಶಿಗೆ ಒರಗಿಯೇ ಶಾಲೆಯ ಪಾಠ ಓದುತ್ತಿದ್ದೆ. ಮಂಗಳವಾರ, ಶುಕ್ರವಾರ ಅಜ್ಜಿ ಕೆಂಡದ ಮೇಲೆ ಧೂಪ ಹಾಕಿ ಮೊದಲು ದೇವರಿಗೆ, ಆಮೇಲೆ ಬಲೆಗೆ, ಕೊನೆಗೆ ನನ್ನ ತಲೆಗೆ ಹಿಡಿಯುತ್ತಿದ್ದಳು. ಎಂಟನೆಯ ತರಗತಿಯವರೆಗೆ ಲೋಕದ ಎಲ್ಲ ಮನೆಗಳೂ ಹೀಗೇ ಇರುತ್ತವೆ ಎಂದುಕೊಂಡು ನಾನು ಸುಖವಾಗಿದ್ದೆ.

ಆ ಸುಖ ಹಾಳಾದದ್ದು ಭಟ್ಕಳದ ಹೈಸ್ಕೂಲಿನಲ್ಲಿ. ಒಂಬತ್ತನೆಯ ತರಗತಿಗೆ ವೀಣಾ ಎಂಬ ಹುಡುಗಿ ಬಂದು ನನ್ನ ಪಕ್ಕ ಕೂತಳು. ಅವಳ ತಂದೆ ಬ್ಯಾಂಕಿನವರು, ಮೈಸೂರಿನ ಕಡೆಯಿಂದ ವರ್ಗವಾಗಿ ಬಂದವರು. ಒಂದು ದಿನ ಮಧ್ಯಾಹ್ನ ಅವಳ ಮನೆಗೆ ಹೋದಾಗ ಅವರ ಹಾಲಿನಲ್ಲಿ ಕಿಟಕಿಗೆ ಪರದೆ, ಖುರ್ಚಿಗೆ ಅದೇ ಹೂವಿನ ಹೊದಿಕೆ, ರೇಡಿಯೋದ ಮೇಲೂ ಅದೇ ಹೂವಿನ ಒಂದು ತುಂಡು ಕಂಡೆ. ಅಲ್ಲಿ ಯಾವ ವಾಸನೆಯೂ ಇರಲಿಲ್ಲ. ಮನೆಗೆ ಬಂದು ಜಗಲಿಯಲ್ಲಿ ಕಾಲಿಟ್ಟಾಗ, ಹುಟ್ಟಿದಂದಿನಿಂದ ಮೂಗಿಗೆ ತಿಳಿಯದಿದ್ದ ಬಲೆಯ ವಾಸನೆ ಅವತ್ತು ತಿಳಿಯಿತು. ನನಗೆ ನಾಚಿಕೆಯಾಯಿತು. ನಾಚಿಕೆ ಎಂಬುದು ಒಮ್ಮೆ ಹೊಕ್ಕರೆ ಒಂದೇ ಕಡೆ ಕೂರುವುದಿಲ್ಲ. ಅದು ಬಲೆಯಿಂದ ಆಯಿಯ ಬುಟ್ಟಿಗೆ ಹೋಯಿತು.

ನನ್ನ ತಾಯಿಯನ್ನು ನಾನು ಆಯಿ ಎನ್ನುತ್ತಿದ್ದೆ. ಆಯಿ ಭಟ್ಕಳದ ಕೇರಿಗಳಲ್ಲಿ ಮನೆಮನೆಗೆ ಮೀನು ಮಾರುತ್ತಿದ್ದಳು. ಸಂಜೆ ಬರಿದಾದ ಬುಟ್ಟಿ ಹಿಡಿದು ನಾನು ಹತ್ತುವ ಬಸ್ಸಿಗೇ ಬಂದು ನಿಲ್ಲುತ್ತಿದ್ದಳು. ಮೊದಲು ಅವಳ ಪಕ್ಕ ನಿಲ್ಲುತ್ತಿದ್ದ ನಾನು ಒಂಬತ್ತನೆಯ ತರಗತಿಯಲ್ಲಿ ಹತ್ತು ಹೆಜ್ಜೆ ದೂರ ನಿಲ್ಲತೊಡಗಿದೆ. ಅವಳು ಯಾಕೆಂದು ಕೇಳಲಿಲ್ಲ. ಒಂದು ಸಂಜೆ ವೀಣಾ ನನ್ನನ್ನು ಬಸ್ಸಿಗೆ ಬಿಡಲು ಬಂದಳು. ಆಯಿ ನನ್ನ ಬೆನ್ನ ಹಿಂದೆಯೇ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. ನಾನು ನೋಡದವಳಂತೆ ಇದ್ದೆ.

‘ಭಾನುವಾರ ನಿಮ್ಮ ಮನೆಗೆ ಬರ್ಲಾ? ಮನೆಯಿಂದಲೇ ಸಮುದ್ರ ಕಾಣುತ್ತೆ ಅಂದಿದ್ಯಲ್ಲ’ ಅಂದಳು ವೀಣಾ.

‘ಈಗ ಬೇಡ ಮಾರಾಯ್ತಿ. ನಮ್ಮನೆಲಿ ಸುಣ್ಣ ಹೊಡಿತಾ ಇದ್ದಾರೆ. ಜಗಲಿ ತುಂಬ ಸಾಮಾನು’ ಅಂದೆ ನಾನು.

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಬಸ್ಸು ಬಂತು. ಆಯಿ ಹಿಂದಿನ ಬಾಗಿಲಿನಿಂದ ಹತ್ತಿದಳು, ನಾನು ಮುಂದಿನಿಂದ. ಬೆಳಕೆಯಲ್ಲಿ ಇಳಿದ ಮೇಲೆ ದಾರಿಯಲ್ಲಿ ಒಟ್ಟಿಗೆ ನಡೆಯಲೇಬೇಕಲ್ಲ. ಬೈಗುಳಕ್ಕೆ ಕಾಯುತ್ತ ನಾನು ತಲೆ ತಗ್ಗಿಸಿಕೊಂಡು ನಡೆದೆ. ಅರ್ಧ ದಾರಿ ಸಾಗಿದ ಮೇಲೆ ಆಯಿ ಬುಟ್ಟಿಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿ ಕೇಳಿದಳು:

‘ಸುಮೀ, ಸುಣ್ಣ ಹೊಡಿಯುದು ಅಂದ್ರೆ ಜಗಲಿಗೆ ಮಾತ್ರವಾ, ಒಳಗೂ ಬೇಕಾ?’

ನಾನು ಹೆಜ್ಜೆ ಜೋರು ಮಾಡಿದೆ.

‘ಜಗಲಿಗೆ ಸಾಕು ಕಾಣ್ತದೆ. ನಿನ್ನ ದೋಸ್ತಿ ಕೂರುದು ಅಲ್ಲೇ ಅಲ್ದಾ?’ ಅಂದಳು. ಅಷ್ಟೇ. ಆಯಿ ನನ್ನ ಸುಳ್ಳನ್ನು ಕೈಗೆತ್ತಿಕೊಂಡು ನಿಜ ಮಾಡಲು ಹೊರಟಿದ್ದಳು. ಅವಳು ಅವತ್ತು ನನಗೆ ಎರಡು ಏಟು ಹಾಕಿದ್ದರೆ ನಾನು ಇಷ್ಟು ವರ್ಷ ಅದನ್ನು ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಮೊದಲ ಜಗಳ ಊಟದ ಹೊತ್ತಿಗೆ ಆಯಿತು. ಕುಚ್ಚಲಕ್ಕಿ ಗಂಜಿಗೆ ಸುಟ್ಟ ಒಣಮೀನು ನಂಚಿಕೊಳ್ಳುತ್ತಿದ್ದ ಅಪ್ಪನಿಗೆ ಆಯಿ, ಬಲೆಗಳನ್ನು ದೋಣಿ ಇಡುವ ಚಪ್ಪರಕ್ಕೆ ಸಾಗಿಸಬೇಕು ಎಂದಳು.

‘ಎಂತಕ್ಕೆ? ಅಲ್ಲಿ ಇಲಿ ಕಡಿತದೆ.’

‘ಕಡಿಲಿ. ಜಗಲಿಗೆ ಪರದೆ ಹಾಕ್ಬೇಕು.’

‘ಪರದೆ ಎಂತಕ್ಕೆ ನಮಗೆ? ನಾವೆಂತ ನಾಟಕದವ್ರಾ?’

ಅಜ್ಜಿ ನಕ್ಕಳು. ಆಯಿ ನಗಲಿಲ್ಲ. ಕಾರಣವನ್ನೂ ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಮೂರು ದಿನ ಇಬ್ಬರೂ ನನ್ನ ಮೂಲಕ ಮಾತಾಡಿದರು. ‘ನಿನ್ನ ಅಪ್ಪಗೆ ಹೇಳು, ಸಾರು ತಣಿತದೆ’, ‘ನಿನ್ನ ಆಯಿಗೆ ಹೇಳು, ಹಸಿವಿಲ್ಲ’. ಎಲ್ಲ ಗೊತ್ತಿದ್ದ ನಾನು ಮಧ್ಯೆ ಓಡಾಡುತ್ತ, ಇದು ನನ್ನಿಂದ ಎಂದು ಒಂದು ಮಾತು ಹೇಳಲಾರದೆ ಒದ್ದಾಡಿದೆ. ನಾಲ್ಕನೆಯ ದಿನ ಶಾಲೆಯಿಂದ ಬಂದಾಗ ಜಗಲಿಯ ಮೂಲೆ ಖಾಲಿಯಾಗಿತ್ತು. ಅಪ್ಪ ಯಾರಿಗೂ ಹೇಳದೆ ಬಲೆಗಳನ್ನೆಲ್ಲ ಹೊತ್ತು ಸಾಗಿಸಿ, ಬಕೆಟ್ಟಿನಲ್ಲಿ ಸುಣ್ಣ ಕಲಸುತ್ತ ಕೂತಿದ್ದ. ಆ ಶುಕ್ರವಾರ ಅಜ್ಜಿ ಧೂಪ ಹಿಡಿದು ಬಂದವಳು ಅಭ್ಯಾಸಬಲದಿಂದ ಆ ಖಾಲಿ ಮೂಲೆಗೂ ಹೊಗೆ ತೋರಿಸಿದಳು. ಆಮೇಲೆ ಏನೋ ಮರೆತವಳಂತೆ ಸ್ವಲ್ಪ ಹೊತ್ತು ಅಲ್ಲೇ ನಿಂತಳು.

ಬಟ್ಟೆಯ ವಿದ್ಯೆಯನ್ನು ಆಯಿಗೆ ಕಲಿಸಿದವರು ಖತೀಜಾಬಾಯಿ. ಭಟ್ಕಳದಲ್ಲಿ ಆಯಿ ತಪ್ಪದೆ ಮೀನು ಕೊಡುತ್ತಿದ್ದ ನವಾಯತ ಮುಸ್ಲಿಮರ ಮನೆಯ ಹಿರಿಯರು. ಅವರ ಮುಂದಿನ ಕೋಣೆಯ ಪರದೆಗಳನ್ನು ಆಯಿ ಹೊಸ್ತಿಲಾಚೆಯಿಂದಲೇ ವರ್ಷಗಟ್ಟಲೆ ನೋಡುತ್ತ ಬಂದವಳು. ಯಾವ ಹಬ್ಬಕ್ಕೆ ಯಾವ ಬಣ್ಣ ಹಾಕಿದ್ದರೆಂದು ಬೇಕಾದರೆ ಬಾಯಿಪಾಠ ಒಪ್ಪಿಸುತ್ತಿದ್ದಳು. ಈಗ ಧೈರ್ಯ ಮಾಡಿ ಕೇಳಿದಳಂತೆ. ಅವರು ಆಯಿಯನ್ನು ಕಾಲು ತೊಳೆಸಿ ಒಳಗೆ ಕರೆದು, ಪರದೆಯನ್ನು ಅವಳ ಕೈಗೇ ಕೊಟ್ಟು ತೋರಿಸಿದರಂತೆ. ಸಂಜೆ ಆಯಿ ಬಸ್ಸಿನಿಂದ ಇಳಿದವಳೇ ನನಗೆ ವರದಿ ಒಪ್ಪಿಸಿದಳು.

‘ಬಾಯಿ ಹೇಳಿದ್ರು, ಪರದೆಲಿ ಇದ್ದ ಒಂದು ಬಣ್ಣ ಖುರ್ಚಿಲೂ ಇರ್ಬೇಕಂತೆ. ಇಲ್ದಿದ್ರೆ ಒಂದ್ಕೊಂದು ಮಾತು ಬಿಟ್ಟವ್ರ ಹಂಗೆ ಕಾಣ್ತದಂತೆ.’

ಅವರೇ ಹಳೆಯ ಹಿತ್ತಾಳೆ ಬಳೆಗಳನ್ನೂ ಕೊಟ್ಟಿದ್ದರು, ಪರದೆಯನ್ನು ಸರಳಿಗೆ ಪೋಣಿಸಲು. ಮರುದಿನ ನಾನೂ ಆಯಿಯೂ ಭಟ್ಕಳದ ಪೇಟೆಗೆ ಹೋಗಿ ಬಟ್ಟೆ ತಂದೆವು. ಪರದೆಗೆ ಬಿಳಿ ಹೂವಿನ ತಿಳಿನೀಲಿ, ಖುರ್ಚಿಗೂ ಬೆಂಚಿಗೂ ಬರೀ ನೀಲಿಯ ದಪ್ಪ ಬಟ್ಟೆ. ಅಂಗಡಿಯಲ್ಲಿ ಆಯಿ ಎರಡನ್ನೂ ಬೆಳಕಿಗೆ ಒಯ್ದು ಜೋಡಿಸಿ, ದೂರ ನಿಂತು, ತಲೆ ವಾಲಿಸಿ ನೋಡಿದಳು. ಮೀನಿನ ಕಿವಿರು ಎತ್ತಿ ನೋಡುವಾಗಿನ ಅದೇ ಗಂಭೀರ ಮುಖ. ನನಗೆ ನಗು ಬಂತು, ಅವಳಿಗೂ ಬಂತು. ಎಷ್ಟೋ ದಿನಗಳ ಮೇಲೆ ನಾವಿಬ್ಬರೂ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಬಂದೆವು.

ಹೊಲಿದದ್ದು ಅಪ್ಪ. ನಮ್ಮ ಮನೆಯಲ್ಲಿ ಸೂಜಿ ಹಿಡಿಯುವ ಕೈ ಅವನದೇ. ಆಯಿ ಮೀನು ಕೊಯ್ಯುವವಳು, ಅಪ್ಪ ಹೆಣೆಯುವವನು. ನಾಟಕದವರಾ ಎಂದು ಕೇಳಿದ್ದ ಮನುಷ್ಯ ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡ ಮೇಲೆ ಯಾರ ಮಾತಿಗೂ ಸಿಗಲಿಲ್ಲ. ಎರಡು ಕಿಟಕಿಗೆ ಎರಡು, ಜಗಲಿಯಿಂದ ಅಡಿಗೆಮನೆಗೆ ಹೋಗುವ ಬಾಗಿಲಿಗೆ ಒಂದು, ಹೀಗೆ ಮೂರು ಪರದೆ. ಕಡಲಗಾಳಿಗೆ ಇದು ಹಾರಿ ಹಂಚಿಗೆ ತಾಗುತ್ತದೆ ಎಂದು ತಾನೇ ತೀರ್ಮಾನಿಸಿ, ಕೆಳಗಿನ ಮಡಿಕೆಯೊಳಗೆ ಬೀಸುಬಲೆಯ ಸೀಸದ ಮಣಿಗಳನ್ನು ಗೇಣಿಗೊಂದರಂತೆ ಸೇರಿಸಿ ಹೊಲಿದ. ಗಾಳಿ ಬಂದಾಗ ಪರದೆ ಸ್ವಲ್ಪ ಉಬ್ಬಿ, ಮಣಿಗಳು ಗೋಡೆಗೆ ಟಕ್ ಎಂದು ತಾಗಿ, ಮತ್ತೆ ಸುಮ್ಮನಾಗುತ್ತಿತ್ತು. ಅಪ್ಪ ಬೇಕೆಂದೇ ಬಾಗಿಲು ತೆರೆದಿಟ್ಟು ಆ ಶಬ್ದ ಕೇಳುತ್ತಿದ್ದ. ನಾನು ವೀಣಾಳಿಗೆ, ಸುಣ್ಣ ಮುಗಿಯಿತು, ಈ ಭಾನುವಾರ ಬಾ ಎಂದು ಕರೆದೆ.

ಎಲ್ಲರಿಗೂ ಒಂದೊಂದು ಕೆಲಸ ಸಿಕ್ಕಿತ್ತು, ಅಜ್ಜಿಗೆ ಸಿಕ್ಕಿರಲಿಲ್ಲ. ಇದು ನಮಗ್ಯಾರಿಗೂ ಹೊಳೆಯಲೇ ಇಲ್ಲ. ಅಜ್ಜಿ ನೂಲಿನ ಬಲೆಗಳ ಕಾಲದವಳು. ಆಗೆಲ್ಲ ಹೊಸ ಬಲೆಯನ್ನು ಹಾಗೆಯೇ ಕಡಲಿಗೆ ಒಯ್ಯುತ್ತಿರಲಿಲ್ಲ. ಮತ್ತಿ ಮರದ ಚಕ್ಕೆಯನ್ನು ಹಂಡೆಯಲ್ಲಿ ಕುದಿಸಿ, ಆ ಕೆಂಪು ನೀರಿನಲ್ಲಿ ಬಲೆಯನ್ನು ಅದ್ದಿ ಒಣಗಿಸಬೇಕು. ಹಾಗೆ ಮಾಡಿದರೆ ನೂಲು ಉಪ್ಪಿಗೆ ಕೊಳೆಯುವುದಿಲ್ಲ. ಅದು ಮನೆಯ ಹಿರಿ ಹೆಂಗಸಿನ ಕೆಲಸ. ನೈಲಾನ್ ಬಂದ ಮೇಲೆ ಅಪ್ಪನ ಒಂದು ಹಳೆಯ ಬೀಸುಬಲೆ ಬಿಟ್ಟರೆ ಅಜ್ಜಿಯ ಹಂಡೆಗೆ ಕೆಲಸವಿರಲಿಲ್ಲ. ಶನಿವಾರ ಬೆಳಿಗ್ಗೆ ಅಪ್ಪ ದೋಣಿಗೆ, ಆಯಿ ಮೀನಿಗೆ, ನಾನು ಶಾಲೆಗೆ ಹೋದ ಮೇಲೆ, ಅಜ್ಜಿ ಅಟ್ಟದಿಂದ ಚಕ್ಕೆಯ ಚೀಲ ಇಳಿಸಿ, ಅಂಗಳದಲ್ಲಿ ಹಂಡೆ ಹೂಡಿ, ಮೂರೂ ಪರದೆಗಳನ್ನು ಬಿಚ್ಚಿ ಕುದಿಯುವ ನೀರಿಗೆ ಅದ್ದಿದಳು.

ಮಧ್ಯಾಹ್ನ ನಾನೂ ಆಯಿಯೂ ಒಟ್ಟಿಗೆ ಬಂದೆವು. ಬಲೆ ಒಣಗಿಸುವ ಗಳುವಿನ ಮೇಲೆ ಮೂರು ಕಂದುಗೆಂಪು ಬಟ್ಟೆಗಳು ತೊಟ್ಟಿಕ್ಕುತ್ತಿದ್ದವು. ನೀಲಿ ಎಲ್ಲೂ ಇರಲಿಲ್ಲ. ಬಿಳಿ ಹೂವುಗಳು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ಅಜ್ಜಿ ಮೊಣಕೈವರೆಗೆ ಕೆಂಪಾದ ಕೈಗಳನ್ನು ಸೆರಗಿಗೆ ಒರೆಸುತ್ತ, ಮುಖ ಅರಳಿಸಿಕೊಂಡು ಎದುರು ಬಂದಳು.

‘ಬಣ್ಣ ತಿನ್ನಿಸಿದೆ ಕಾಣು. ಹೊಸ ನೂಲು ಈ ಗಾಳಿಗೆ ಆರು ತಿಂಗಳು ಬಾಳುದಿಲ್ಲ. ಇನ್ನು ಐದು ವರ್ಷ ಎಂತ ಆಗುದಿಲ್ಲ.’

ನಾನು ಕಿರುಚಿದೆ. ಏನೇನೋ ಅಂದೆ. ‘ಎಷ್ಟು ಮಾಡಿದ್ರೂ ಇದು ಬಲೆ ಮನೆನೇ, ನಾವು ಬಲೆ ಮನೆಯವ್ರೇ’ ಅಂದದ್ದು ನೆನಪಿದೆ. ಅಜ್ಜಿಗೆ ಅದರಲ್ಲಿ ಬೈಗುಳ ಎಲ್ಲಿದೆ ಎಂದೇ ತಿಳಿಯಲಿಲ್ಲ. ‘ಹೌದಲ್ಲೇ, ಮತ್ತೆಂತ?’ ಎಂದು ಮುಗ್ಧವಾಗಿ ಕೇಳಿದಳು. ಆಯಿ ಬುಟ್ಟಿ ಇಳಿಸಿ ಅಂಗಳದಲ್ಲೇ ಕುಕ್ಕರಿಸಿದಳು. ಮೂರು ವಾರದ ಕೆಲಸ ಅವಳ ಕಣ್ಣೆದುರು ತೊಟ್ಟಿಕ್ಕುತ್ತಿತ್ತು. ಅತ್ತೆಯ ಕೆಂಪು ಕೈಗಳನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿದಳು. ಎದ್ದು ಒಳಗೆ ಹೋದವಳು ಖುರ್ಚಿಯ, ಬೆಂಚಿನ ನೀಲಿ ಹೊದಿಕೆಗಳನ್ನು ಕಿತ್ತು ತಂದಳು.

‘ಅತ್ತೆ, ಹಂಡೆಲಿ ನೀರು ಅದ್ಯಾ? ಇದನ್ನೂ ಅದ್ದುವಾ. ಒಂದು ಬಣ್ಣ ಅಲ್ಲೂ ಇಲ್ಲೂ ಇರ್ಬೇಕು.’

ಅತ್ತೆ ಸೊಸೆ ಸೇರಿ ಕೋಲಿನಿಂದ ಬಟ್ಟೆ ಮುಳುಗಿಸುವುದನ್ನು ನಾನು ಮುಖ ಊದಿಸಿಕೊಂಡು ನೋಡಿದೆ. ಆಯಿಗೆ ಅಳು ಬಂದಿತ್ತೋ ಹೊಗೆ ತಾಗಿತ್ತೋ ಗೊತ್ತಿಲ್ಲ, ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳು. ಭಾನುವಾರ ಬೆಳಿಗ್ಗೆ ಎಲ್ಲವನ್ನೂ ಹಾಕಿದಾಗ ಜಗಲಿ ಒಂದೇ ಬಣ್ಣಕ್ಕೆ ಬಂದಿತ್ತು. ಬಿಸಿ ನೀರಿಗೆ ಬಟ್ಟೆ ಕುಗ್ಗಿ ಪರದೆಗಳೆಲ್ಲ ಒಂದು ಗೇಣು ಗಿಡ್ಡವಾಗಿದ್ದವು. ಅಪ್ಪ ಎಳೆದೆಳೆದು ನೋಡಿ ಕೈಬಿಟ್ಟ. ಆಯಿ ಬೆಲ್ಲ ಕಾಯಿ ಹಾಕಿ ಅವಲಕ್ಕಿ ಕಲಸಿಟ್ಟು, ಕೈಗಳನ್ನು ಲಿಂಬೆ ಸಿಪ್ಪೆಯಿಂದ ಉಜ್ಜಿ ತೊಳೆದು, ನನ್ನನ್ನು ಹಿತ್ತಲಿಗೆ ಕರೆದಳು.

‘ನಾನು ಇಲ್ಲೇ ಹಿತ್ತಲಲ್ಲಿ ಇರ್ತೆ. ನಿನ್ನ ದೋಸ್ತಿ ನನ್ನನ್ನ ಬಸ್ಸಿನ ಹತ್ರ ಕಂಡದೆ, ಬುಟ್ಟಿ ಸಮೇತ. ಕೇಳಿದ್ರೆ ಪೇಟೆಗೆ ಹೋಗಿದ್ಲು ಹೇಳು. ಚಾ ಅಜ್ಜಿ ತಂದ್ಕೊಡ್ತದೆ.’

ನಾನು ‘ಆತು’ ಅಂದೆ. ನನ್ನ ಬಾಯಿಂದ ಬಂದ ಮಾತುಗಳಲ್ಲಿ ಹಿಂದೆ ತೆಗೆದುಕೊಳ್ಳಬೇಕೆಂದು ಈಗಲೂ ಅನ್ನಿಸುವುದು ಆ ಎರಡಕ್ಷರ.

ವೀಣಾ ಬಂದಳು. ಖುರ್ಚಿಯಲ್ಲಿ ಕೂತು ಮೊದಲು ಕಡಲನ್ನು, ಆಮೇಲೆ ಕೋಣೆಯನ್ನು ನೋಡಿದಳು. ಪರದೆಯ ಅಂಚನ್ನು ಹಿಸುಕಿ, ಇದರೊಳಗೆ ಏನಿದೆ ಎಂದು ಕೇಳಿದಳು. ಸೀಸದ ಕತೆಯನ್ನು ಅಪ್ಪ, ಬಣ್ಣದ ಕತೆಯನ್ನು ಅಜ್ಜಿ ಹೇಳಿದರು. ಅಪ್ಪ ಸಂಕೋಚದಿಂದ ಬೇಗ ಎದ್ದು ದೋಣಿಯ ಕಡೆ ಹೋದ. ಅಜ್ಜಿ ಮಾತ್ರ ತನ್ನ ಕೆಂಪು ಉಗುರುಗಳನ್ನು ತೋರಿಸುತ್ತ, ಇಡೀ ಊರಿನ ಬಲೆಗಳಿಗೆ ಬಣ್ಣ ತಿನ್ನಿಸಿದ ಕಾಲವನ್ನೆಲ್ಲ ಬಿಚ್ಚಿದಳು. ವೀಣಾ ಅವಲಕ್ಕಿಯ ತಟ್ಟೆ ಹಿಡಿದು ಬಾಯಿ ತೆರೆದು ಕೇಳಿದಳು. ಚಾ ಮುಗಿಯುವ ಹೊತ್ತಿಗೆ ಅವಳು ನನ್ನ ಕಡೆ ತಿರುಗಿದಳು.

‘ಅಮ್ಮ ಎಲ್ಲಿ ಸುಮಿತ್ರಾ? ಕಾಣ್ಲೇ ಇಲ್ಲ.’

‘ಪೇಟೆಗೆ ಹೋಗಿದ್ದಾಳೆ’ ಅಂದೆ.

ಅಜ್ಜಿ ಚಟ್ಟನೆ ನನ್ನನ್ನು ನೋಡಿದಳು. ಆಗ ನನ್ನ ಕಣ್ಣು ಅಡಿಗೆಮನೆಯ ಬಾಗಿಲಿಗೆ ಹೋಯಿತು. ಗಿಡ್ಡವಾದ ಪರದೆಗೂ ನೆಲಕ್ಕೂ ನಡುವೆ ಎರಡು ಪಾದಗಳಿದ್ದವು. ಕಲ್ಲಿಗೆ ಉಜ್ಜಿ ತೊಳೆದ ಹಿಮ್ಮಡಿಗಳು, ಸವೆದ ಕಾಲುಂಗುರ, ತುದಿಗಾಲಲ್ಲಿ ನಿಂತದ್ದಕ್ಕೆ ನೆಲಕ್ಕೊತ್ತಿದ ಬೆರಳುಗಳು. ಹಿತ್ತಲಲ್ಲಿ ಇರುತ್ತೇನೆ ಎಂದವಳು ತನ್ನ ಜಗಲಿಯ ಬಗ್ಗೆ ಯಾರು ಏನು ಹೇಳುತ್ತಾರೆ ಎಂದು ಕೇಳಲು ಬಂದು ನಿಂತಿದ್ದಳು. ನಾನು ಹೇಳಿದ್ದೂ ಅವಳಿಗೆ ಕೇಳಿಸಿತ್ತು. ವೀಣಾಳ ಬೆನ್ನು ಆ ಕಡೆಗಿತ್ತು, ಅವಳಿಗೆ ಏನೂ ಕಾಣುತ್ತಿರಲಿಲ್ಲ. ಸುಮ್ಮನಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ನೋಡನೋಡುತ್ತ ಆ ಪಾದಗಳು ಸದ್ದಿಲ್ಲದೆ ಹಿತ್ತಲ ಕಡೆಗೆ ತಿರುಗಿದವು.

ಎದ್ದು ಹೋಗಿ ಪರದೆ ಸರಿಸಿ ಆಯಿಯ ಕೈ ಹಿಡಿದೆ. ಅವಳು ಬಿಡಿಸಿಕೊಳ್ಳಲು ನೋಡಿದಳು, ನಾನು ಬಿಡಲಿಲ್ಲ.

‘ವೀಣಾ, ನಾನು ಸುಳ್ಳು ಹೇಳಿದೆ. ಇವಳು ನಮ್ಮ ಆಯಿ. ಭಟ್ಕಳದಲ್ಲಿ ಮೀನು ಮಾರ್ತಾಳೆ. ಅವತ್ತು ಬಸ್ಸಿನ ಹತ್ರ ನನ್ನ ಹಿಂದೆನೇ ನಿಂತಿದ್ಲು, ನಾನು ಮಾತಾಡಿಸ್ಲಿಲ್ಲ.’

ವೀಣಾ ಗಾಬರಿಯಿಂದ ತಟ್ಟೆ ಕೆಳಗಿಟ್ಟು ಎದ್ದು ನಿಂತಳು. ಏನು ಮಾಡಬೇಕೆಂದು ತೋಚದೆ ಪಕ್ಕದ ಖುರ್ಚಿಯನ್ನು ಮುಂದಕ್ಕೆ ಎಳೆದು, ‘ಬನ್ನಿ ಆಂಟಿ, ಕೂತ್ಕೊಳ್ಳಿ’ ಅಂದಳು. ಆಯಿಯ ಮನೆಯಲ್ಲಿ ಆಯಿಗೇ ಕೂರಲು ಹೇಳಿದ್ದು ಕೇಳಿ ಅಜ್ಜಿ ಕಿಸಕ್ಕನೆ ನಕ್ಕಳು. ಹೊದಿಕೆ ಹಾಕಿದಂದಿನಿಂದ ಒಮ್ಮೆಯೂ ಆ ಖುರ್ಚಿಯಲ್ಲಿ ಕೂರದಿದ್ದ ಆಯಿ, ಸೆರಗಿನಿಂದ ಅದನ್ನು ಒರೆಸಿ, ಅಂಚಿನಲ್ಲಿ ಕೂತಳು. ಆಮೇಲೆ ಆಯಿ ಗಂಟಲು ಸರಿಮಾಡಿಕೊಂಡು ವೀಣಾಳನ್ನು ಕೇಳಿದಳು:

‘ನಮ್ಮ ಜಗಲಿ ಹೆಂಗೆ ಅದೆ, ತಂಗಿ?’

ಕೇಳಿದ್ದು ವೀಣಾಳನ್ನು, ನೋಡುತ್ತಿದ್ದದ್ದು ನನ್ನನ್ನು. ಬಲೆ ಸಾಗಿಸಿ, ಸುಣ್ಣ ಹೊಡೆದು, ಬಟ್ಟೆ ಹೊಲಿದು, ಬಣ್ಣ ಅದ್ದಿ ಮೂರು ವಾರವಾಗಿತ್ತು. ಆ ಒಂದು ಮಾತನ್ನು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ವೀಣಾ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ.

‘ಚಂದ ಅದೆ, ಆಯಿ.’